ಕುಡಿಯದವಳ ಲಿವರ್

ಯಲಬುರ್ಗಾದ ಮಲ್ಲೇಶ್ವರಿಗೆ ಲಕ್ಷಕ್ಕೊಬ್ಬರಿಗೆ ಬರುವ ಲಿವರ್ ಕಾಯಿಲೆಯಿತ್ತು. ಕಣ್ಣು ಹಳದಿಯಾಗಿ ಹೊಟ್ಟೆ ಊದಿಕೊಂಡಾಗ, ಅವಳು ಕದ್ದು ಕುಡಿಯುತ್ತಾಳೆಂದು ಓಣಿಯವರು ಆಡಿಕೊಂಡರು. ಅತ್ತೆ ಶೇಖರಮ್ಮನೂ ಅದನ್ನೇ ನಂಬಿದಳು. ಆ ಕಾಯಿಲೆಯ ಸಂಶೋಧನೆಗೆ ನೆರವಾಗುವ ಟ್ರಸ್ಟಿನ ಭವಾನಿ ಮಾತ್ರ ಕೊಪ್ಪಳದಿಂದ ಆಗಾಗ ಫೋನ್ ಮಾಡಿ ಧೈರ್ಯ ಹೇಳುತ್ತಿದ್ದಳು.

ಮಲ್ಲೇಶ್ವರಿ ತೀರಿಕೊಂಡ ಸುದ್ದಿ ಕೇಳಿ ಭವಾನಿ ಬಸ್ಸು ಹತ್ತಿ ಬಂದಳು. ಮಲ್ಲೇಶ್ವರಿಯ ಗಂಡ ಪಂಪಾಪತಿ ಭವಾನಿಯನ್ನು ಮಣ್ಣು ಮಾಡಲು ಬಂದವರ ಮುಂದೆ ನಿಲ್ಲಿಸಿದ.

“ಅಕ್ಕಾರ, ನನ್ನ ಹೆಂಡ್ತಿ ಕುಡೀತಿದ್ದಿಲ್ಲಂತ ಇವರಿಗೆಲ್ಲ ಹೇಳ್ರಿ.”

“ಇದು ಕುಡದು ಬರೋ ಜಡ್ಡಲ್ರಿ,” ಎಂದಳು ಭವಾನಿ.

“ಹಂಗಾದ್ರ ಯಾಕ ಬಂತವಾ?” ಶೇಖರಮ್ಮ ಕೇಳಿದಳು.

“ಡಾಕ್ಟರಿಗೂ ಇನ್ನೂ ಗೊತ್ತಿಲ್ರಿ. ಅವರು ಹುಡುಕ್ಲಿ ಅಂತ ನಿಮ್ಮ ಸೊಸಿ ತನ್ನ ರಕ್ತ ಕೊಟ್ಟು ಹೋಗ್ಯಾಳ.”

ಶೇಖರಮ್ಮ ಹೆಣದ ಬಳಿ ಹೋಗಿ, ಸೊಸೆಯ ಕೈ ಹಿಡಿಯಲು ಬಾಗಿದಳು.

“ಈಗ ಬ್ಯಾಡವ್ವಾ,” ಎಂದು ಪಂಪಾಪತಿ ತಾಯಿಯನ್ನು ತಡೆದ.