ಬಿಳಿಮೋರೆಯ ತಳಿ

ಎರಡು ವಿಷಯದಲ್ಲಿ ಕೆಂಚಯ್ಯನಿಗೆ ಎದುರಾಡುವಂತಿರಲಿಲ್ಲ. ಒಂದು ಅವನ ಮೀಸೆ, ಇನ್ನೊಂದು ಅವನ ನಾಯಿ. ಮೀಸೆಯ ಬಗ್ಗೆ ಯಾರಾದರೂ ನಕ್ಕರೆ ಎರಡು ದಿನ ಮುನಿಸಿಕೊಂಡು ಸುಮ್ಮನಾಗುತ್ತಿದ್ದ. ನಾಯಿಯ ಬಗ್ಗೆ ನಕ್ಕವರ ಮನೆಯ ನೀರನ್ನೂ ಮುಟ್ಟುತ್ತಿರಲಿಲ್ಲ.

ಹನೂರಿನಿಂದ ಕಾಡಿನ ಕಡೆ ಎರಡು ಮೈಲಿ ನಡೆದರೆ ಅವನ ಮನೆ, ಮನೆಯ ಹಿಂದೆ ಮುಳ್ಳುಬೇಲಿಯ ಆಡಿನ ಹಟ್ಟಿ. ಆ ಸೀಮೆಯಲ್ಲಿ ಆಡು ಸಾಕಿದವರೆಲ್ಲ ವರ್ಷಕ್ಕೆ ನಾಲ್ಕೈದನ್ನು ಚಿರತೆಗೆ ಬಿಟ್ಟುಕೊಟ್ಟೇ ಬದುಕಬೇಕು. ಕೆಂಚಯ್ಯನ ಹಟ್ಟಿಗೆ ಮಾತ್ರ ಚಿರತೆ ಬರುತ್ತಿರಲಿಲ್ಲ, ಬಂದರೂ ಬರಿಗೈಯಲ್ಲಿ ಹೋಗುತ್ತಿತ್ತು. ಅದಕ್ಕೆ ಅವನ ನಾಯಿಗಳೇ ಕಾರಣ. ನಾಯಿಗಳಿಗೆ ತಾನೇ ಕಾರಣ ಎಂದು ಅವನು ಹೇಳುತ್ತಿದ್ದ, ಅದೂ ಸುಳ್ಳಲ್ಲ.

ನಾಯಿಮರಿ ಹುಟ್ಟಿದ ನಲವತ್ತನೆಯ ದಿನ ಅವನು ಅವನ್ನೆಲ್ಲ ಹಟ್ಟಿಯೊಳಗೆ ಬಿಡುತ್ತಿದ್ದ. ಆಡಿನ ಮರಿಯ ಹಿಂದೆ ಓಡಿದ್ದು ಹೊಲ ಕಾಯುವವರಿಗೆ; ಹಂದಿ ಅಟ್ಟಲು ಅಂಥದ್ದೇ ಬೇಕು. ಆಡಿನ ಹೊಟ್ಟೆಗೆ ಬೆನ್ನು ಕೊಟ್ಟು ಮಲಗಿದ್ದು ಹಟ್ಟಿಗೆ. ನಾಯಿಯನ್ನು ಮಾರುವಂತಿಲ್ಲ. ಒಂದು ಸೇರು ರಾಗಿ ತಂದವರ ಮಡಿಲಿಗೆ ಮರಿ ಹಾಕುವುದು ಪದ್ಧತಿ. ಕೊಟ್ಟದ್ದು ಹಿಂದಕ್ಕೆ ಬರುವಂತಿಲ್ಲ. ಬಂದರೆ, ಕೊಟ್ಟ ಹೆಣ್ಣನ್ನು ತವರಿಗೆ ತಂದು ಬಿಟ್ಟುಹೋದಷ್ಟೇ ಅವಮಾನ.

ಇನ್ನೊಂದು ಪದ್ಧತಿ ಅವನ ಮನೆಯದೇ. ಅವನು ನಾಯಿಯನ್ನು ಕೂಗುತ್ತಿರಲಿಲ್ಲ. ಕೂಗಿದರೆ ಆಡು ಬೆದರುತ್ತವೆ ಎಂದು ಅಪ್ಪ ಕಲಿಸಿದ್ದ. ಹೆಗಲ ಕಂಬಳಿಯನ್ನು ಬಲಕ್ಕೆ ಬೀಸಿದರೆ ನಾಯಿ ಬಲಕ್ಕೆ, ಎಡಕ್ಕೆ ಬೀಸಿದರೆ ಎಡಕ್ಕೆ, ನೆಲಕ್ಕೆ ಬಡಿದರೆ ಮಲಗಬೇಕು. ನೋಡಿದವರು ಬೆರಗಾಗುತ್ತಿದ್ದರು, ಅವರು ಬೆರಗಾದಷ್ಟು ಹೊತ್ತೂ ಕೆಂಚಯ್ಯ ಬೀಸುತ್ತಿದ್ದ.

ಐವತ್ತೇಳನೆಯ ಇಸವಿಯಲ್ಲಿ ಜೀಪಿನಲ್ಲಿ ಬಂದ ಒಬ್ಬ ಸಾಹೇಬರು ಈ ಆಟ ನೋಡಿ ನಿಂತರು. ಆಗಿದ್ದ ಬೆಳ್ಳಿ ಎಂಬ ಹೆಣ್ಣುನಾಯಿಗೆ ಹಣೆಯಿಂದ ಮೂತಿಯವರೆಗೆ ಬಿಳುಪು. "ಇಂಥ ಮುಖ ನಾನೆಲ್ಲೂ ನೋಡಿಲ್ಲ, ಇದು ನಿನ್ನದೇ ತಳಿಯೇನಯ್ಯ?" ಎಂದು ಕೇಳಿ ಫೋಟೋ ತೆಗೆದುಕೊಂಡು ಹೋದರು. ಫೋಟೋ ಮತ್ತೆ ಬರಲಿಲ್ಲ. ಆ ಮಾತು ಮಾತ್ರ ಕೆಂಚಯ್ಯನ ತಲೆ ಬಿಟ್ಟು ಹೋಗಲಿಲ್ಲ. ಅಲ್ಲಿಂದ ನಲವತ್ತನೆಯ ದಿನದ ಪರೀಕ್ಷೆಗೆ ಮೊದಲೇ ಅವನು ಮೋರೆ ನೋಡತೊಡಗಿದ. ಮೋರೆ ಬೆಳ್ಳಗಿದ್ದರೆ ಮನೆಗೆ, ಇಲ್ಲದಿದ್ದರೆ ಕೇಳಿದವರಿಗೆ. ಬಿಳಿಗೆ ಬಿಳಿ ಕೂಡಿಸಿ ಕೂಡಿಸಿ ಹನ್ನೆರಡು ವರ್ಷಕ್ಕೆ ತಲೆಯೆಲ್ಲ ಸುಣ್ಣ ಬಳಿದಂತಿರುವ ಮರಿಗಳು ಹುಟ್ಟಿದವು. ಕಾಮಗೆರೆಯಿಂದ ಸತ್ತೇಗಾಲದವರೆಗೆ ಬಿಳಿಮೋರೆ ಎಂದರೆ ಯಾರ ಹಟ್ಟಿಯದೆಂದು ಕೇಳಬೇಕಾಗಿರಲಿಲ್ಲ. ಕೆಂಚಯ್ಯ ಸಂತೆಗೆ ಹೋದರೆ ನೆಲ ನೋಡಿ ನಡೆಯುವುದನ್ನೇ ಮರೆತಿದ್ದ.

ಅರವತ್ತೊಂಬತ್ತರ ಕಾರ್ತಿಕದಲ್ಲಿ ಒಂದು ಬೆಳಿಗ್ಗೆ, ಪಕ್ಕದ ದೊಡ್ಡಿಯ ರಂಗನಾಯಕ ನಾಯಿಯೊಂದನ್ನು ಹಗ್ಗದಲ್ಲಿ ಹಿಡಿದುಕೊಂಡು ಬಂದು ಅಂಗಳದಲ್ಲಿ ನಿಂತ. ಎರಡು ವರ್ಷದ ಹಿಂದೆ ಕೆಂಚಯ್ಯನೇ ಆರಿಸಿ ಕೊಟ್ಟ ಬಿಳಿಮೋರೆಯ ಗಂಡು.

"ಕೆಂಚಣ್ಣ, ಇದ ನೀನೇ ಮಡಿಕೊ."

ಕೆಂಚಯ್ಯನ ಮೀಸೆ ನಡುಗಿತು. "ಏನ್ಲಾ ಅಂದೆ?"

"ಹನ್ನೊಂದು ಆಡು ಓದೊ ಅಣ್ಣ, ಒಂದೇ ರಾತ್ರೀಲಿ. ಚಿರತೆ ಬೇಲಿ ಮುರ್ಕಂಡು ಬಂದದ. ಆಡೆಲ್ಲ ಬಡ್ಕತಾ ಅವೆ, ಇದು ಬಾಗ್ಲಲ್ಲಿ ಮಲಗ್ದಂಗೇ ಮಲಗಿತ್ತು. ನಾನು ತುಳುದ್ಮೇಲೆ ಎದ್ದದ್ದು."

"ಸಾಕಕ್ಕೆ ಬರ್ದೋನು ನಾಯಿ ಮ್ಯಾಲೆ ಯಾಕ್ಲಾ ಹಾಕ್ತೀಯೆ? ಹೊಟ್ಟೆಗಿಕ್ಕಿದ್ಯೋ ಇಲ್ವೋ?"

ರಂಗನಾಯಕ ಜಗಳಕ್ಕೆ ಬಂದವನಲ್ಲ. ಹಗ್ಗವನ್ನು ಕಂಬಕ್ಕೆ ಸುತ್ತಿ, ತಲೆ ತಗ್ಗಿಸಿಕೊಂಡು ಹೋದ. ಅವನು ಬೈದಿದ್ದರೆ ಕೆಂಚಯ್ಯನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮಾತು ಮುಗಿಯುವವರೆಗೂ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಮಾದೇವಮ್ಮ ಒಳಗೆ ಹೋಗಿ ಹಿತ್ತಾಳೆ ತಟ್ಟೆ ತಂದಳು. ಕಂಬಕ್ಕೆ ಕಟ್ಟಿದ ನಾಯಿಯ ಬೆನ್ನ ಹಿಂದೆ ನಿಂತು ತಟ್ಟೆಯನ್ನು ಕಲ್ಲಿನ ಮೇಲೆ ಎತ್ತಿಹಾಕಿದಳು. ಹಟ್ಟಿಯ ಆಡುಗಳು ಎದ್ದು ನಿಂತವು. ನಾಯಿ ಬಾಲದ ಮೇಲಿನ ನೊಣವನ್ನು ನೋಡುತ್ತಿತ್ತು.

ಕೆಂಚಯ್ಯ ತಟ್ಟೆ ಕಿತ್ತುಕೊಂಡು ಮನೆಯ ನಾಯಿಗಳ ಹತ್ತಿರ ಹೋದ. ಆ ವರ್ಷದ ಐದು ಮರಿಗಳಲ್ಲಿ ಮೂರು ತಿರುಗಿ ನೋಡಲಿಲ್ಲ. ತಾಯಿ ಎಡಗಡೆಯಿಂದ ಬಡಿದರೆ ನೋಡಿತು, ಬಲಗಡೆಯಿಂದ ನೋಡಲಿಲ್ಲ. ಅತ್ಯಂತ ಬೆಳ್ಳಗಿದ್ದ ಮರಿ, ಅವನ ಮುದ್ದಿನದು, ಕಿವಿಯ ಪಕ್ಕದಲ್ಲೇ ತಟ್ಟೆ ಗಣಗಣ ಎನ್ನುತ್ತಿದ್ದರೂ ನಿದ್ದೆ ಮಾಡುತ್ತಿತ್ತು. ಹಗಲೆಲ್ಲ ಕಂಬಳಿ ನೋಡಿ ಕುಣಿಯುವ ನಾಯಿಗೆ ಕಿವಿ ಇದೆಯೇ ಎಂದು ಯಾರು ಕೇಳುತ್ತಾರೆ? ಕತ್ತಲಲ್ಲಿ ಕಂಬಳಿ ಕಾಣುವುದಿಲ್ಲ.

"ನಿಂಗೆ ಮೊದ್ಲೇ ಗೊತ್ತಿತ್ತಾ?" ಎಂದ.

"ಮೂರು ವರ್ಸದಿಂದ ಅನುಮಾನ. ಬಿಳೀದು ಜಾಸ್ತಿ ಆದಂಗೆಲ್ಲ ಕರುದ್ರೆ ಬರೋದು ಕಮ್ಮಿ ಆಯ್ತಿತ್ತು."

"ಯಾಕೆ ಏಳ್ನಿಲ್ಲ?"

"ಏಳುದ್ರೆ ಕೇಳೋ ಮನ್ಸರಾ ನೀವು?"

ಮೂರು ದಿನ ಅವನು ಊಟ ಸರಿಯಾಗಿ ಮಾಡಲಿಲ್ಲ. ಹನ್ನೊಂದು ಆಡು ರಂಗನಾಯಕನ ಹಟ್ಟಿಯ ಅರ್ಧ. ಸುತ್ತಿನ ಎಷ್ಟು ಹಟ್ಟಿಗಳ ಬಾಗಿಲಲ್ಲಿ ತನ್ನನ್ನು ನಂಬಿ ಇಂಥವೇ ಮಲಗಿವೆಯೋ ಎಂದು ರಾತ್ರಿಯೆಲ್ಲ ಎಣಿಸಿದ. ನಾಲ್ಕನೆಯ ದಿನ ಮನೆಮನೆಗೂ ಹೋಗಿ, ತಟ್ಟೆ ಬಡಿದು ನೋಡಿ, ಕಿವುಡಿದ್ದದ್ದನ್ನು ಕಿವುಡೆಂದು ತನ್ನ ಬಾಯಿಂದಲೇ ಹೇಳಿ ಬಂದ. ತನ್ನವಕ್ಕೆ ಸಾಯುವವರೆಗೂ ಮುದ್ದೆ ಹಾಕುವುದು, ಮರಿ ಮಾತ್ರ ಹಾಕಿಸಕೂಡದು ಎಂದು ತೀರ್ಮಾನಿಸಿದ. ಅಲ್ಲಿಗೆ ಅಪ್ಪನ ಕಾಲದ ತಳಿ ಮುಗಿಯಿತು ಎನ್ನುವಾಗ ಅವನಿಗೆ ಒಂದು ಕಂದು ಮರಿ ನೆನಪಾಯಿತು. ಬೆಳ್ಳಿಯ ಹೊಟ್ಟೆಯದೇ. ಮೈಮೇಲೆ ಒಂದು ಬಿಳಿ ಕೂದಲೂ ಇಲ್ಲವೆಂದು, ಮೊದಲು ಕೇಳಿದ ಅಗರದ ಕೆಂಪನಂಜಪ್ಪನಿಗೆ ದಾಟಿಸಿದ್ದ.

ಒಂದು ಸೇರು ರಾಗಿಯನ್ನು ಟವೆಲಿನಲ್ಲಿ ಕಟ್ಟಿಕೊಂಡು ಕೊಳ್ಳೇಗಾಲಕ್ಕೆ ಬಸ್ಸು ಹತ್ತಿದ. ಅಲ್ಲಿಂದ ಯಳಂದೂರು ಬಸ್ಸು, ಆಮೇಲೆ ನಡಿಗೆ. ಐವತ್ತೈದು ವರ್ಷದಲ್ಲಿ ಅವನು ಒಬ್ಬರ ಬಾಗಿಲಿಗೆ ಮರಿ ಕೇಳಲು ಹೋಗುತ್ತಿದ್ದದ್ದು ಅದೇ ಮೊದಲು. ಸೇರು ರಾಗಿ ಮಣದಷ್ಟು ಭಾರವಾಗಿತ್ತು.

ಕೆಂಪನಂಜಪ್ಪ ತೀರಿಹೋಗಿ ನಾಲ್ಕು ವರ್ಷವಾಗಿತ್ತು. ಅವನ ಹೆಂಡತಿ ಚಿಕ್ಕಬಸಮ್ಮ ಇಪ್ಪತ್ತು ಕುರಿ ಇಟ್ಟುಕೊಂಡಿದ್ದಳು. ಹುಲ್ಲಿನ ಮೆದೆಯ ಆಚೆ ಮಲಗಿದ್ದ ಕಂದು ನಾಯಿಗೆ ಕೆಂಚಯ್ಯ ಕಾಣುತ್ತಿರಲಿಲ್ಲ. ಅವನ ಚಪ್ಪಲಿ ಒಂದು ಸಲ ಮರಳಿನ ಮೇಲೆ ಸರಕ್ ಎಂದದ್ದಕ್ಕೇ ಅದರ ಕಿವಿ ಎರಡೂ ನೆಟ್ಟಗಾದವು. ಕೆಂಚಯ್ಯ ಅಲ್ಲೇ ನಿಂತುಬಿಟ್ಟ.

"ಮರಿ ಅವೆ, ಆದ್ರೆ ಬಂದ್ ಬಂದೋರ್ಗೆಲ್ಲ ಕೊಡಕಾಗಲ್ಲ ಕಣಪ್ಪ," ಎಂದಳು ಚಿಕ್ಕಬಸಮ್ಮ, ಅವನು ಯಾರೆಂದು ತಿಳಿಯದೆ. "ಇದು ಹನೂರು ಕಡೆ ಕೆಂಚಯ್ಯನ ತಳಿ. ಇದರ ಅಜ್ಜಿಯ ಅವನು ತನಗಂತ ಮಡಿಕಂಡಿದ್ನಂತೆ, ಆ ಮರಿಯ ನಮ್ಮ ಯಜಮಾನ್ರಿಗೆ ಕೊಟ್ನಂತೆ. ಸಾಯೋಗಂಟ ಅದನ್ನೇ ಏಳ್ಕಂಡು ತಿರುಗುದ್ರು."

ಸುಮ್ಮನೆ 'ಆ ಕೆಂಚಯ್ಯ ನಾನೇ' ಎಂದಷ್ಟೇ ಹೇಳಿದ್ದರೆ ಸಾಕಿತ್ತು. ಮಣೆ ಹಾಕಿ, ಮಜ್ಜಿಗೆ ಕೊಟ್ಟು, ಎರಡು ಮರಿ ಕೊಟ್ಟು ಕಳಿಸುತ್ತಿದ್ದಳು. ಅಷ್ಟಕ್ಕೇ ನಿಲ್ಲಿಸಲು ಅವನಿಂದಾಗಲಿಲ್ಲ.

"ನಾನೇ ಅವ್ವ ಆ ಕೆಂಚಯ್ಯ. ನಂಗಂತ ಮಡಿಕಂಡಿದ್ದಲ್ಲ ಅದು. ಬಿಳೀದಿಲ್ಲ ಅಂತ ತಳ್ಬುಟ್ಟಿದ್ದು. ಬಿಳೀದ ಸಾಕಿ ಸಾಕಿ ನನ್ನ ನಾಯೆಲ್ಲ ಕಿವುಡಾದೊ. ಒಬ್ಬನ ಹಟ್ಟಿ ಆಳಾಯ್ತು."

ಕೆಂಚಯ್ಯ ರಾಗಿಯ ಗಂಟು ಹಿಡಿದುಕೊಂಡು ನಿಂತೇ ಇದ್ದ.

"ನಮ್ಮ ಯಜಮಾನ್ರ ಮುಂದ ನೀನು ಇದ ಏಳ್ನಿಲ್ವಲ್ಲ, ಒಳ್ಳೇದಾಯ್ತು," ಎಂದಳು.

"ನೀವು ಮರಿಯ ಎಂಗೆ ಆರಿಸ್ತೀರಿ ಅವ್ವ?"

"ಬಣ್ಣ ಕಟ್ಕಂಡು ನನಗೇನಾಗ್ಬೇಕು? ಬಾಗ್ಲ ಹಿಂದೆ ಕೂತ್ಕಂಡು ಮೆಲ್ಲಗೆ ಕರೀತೀನಿ. ಅವ್ವನ ಮೊಲೆ ಬುಟ್ಟು ಯಾವ್ದು ಬತ್ತದೋ ಅದು ನಂದು."

ಕೆಂಚಯ್ಯ ಅದನ್ನು ಎರಡು ಸಲ ಹೇಳಿಸಿಕೊಂಡು ಕೇಳಿದ. ನಾಯಿಯ ವಿದ್ಯೆಯನ್ನು ಅಪ್ಪನ ಹೊರತು ಇನ್ನೊಬ್ಬರಿಂದ ಕಲಿತದ್ದು ಅವನಿಗೆ ಅವತ್ತೇ. ಅವಳು ರಾಗಿಯ ಗಂಟನ್ನು ತೆಗೆದುಕೊಂಡು ಒಳಗೆ ಹೋಗಿ ಒಂದು ಹೆಣ್ಣುಮರಿಯನ್ನು ತಂದು ಅವನ ಮಡಿಲಿಗೆ ಹಾಕಿದಳು.

"ಮಿಕ್ಕಿದ್ದು ಮೂರಕ್ಕೂ ಮಾತು ಕೊಟ್ಟಿವ್ನಿ. ಇದು ನಂಗಂತ ಮಡಿಕಂಡಿದ್ದು. ನಿಜವಾಗ್ಲೂ."

ಬಸ್ಸು ಇಳಿದ ಕೆಂಚಯ್ಯ ಮನೆಯ ದಾರಿ ಹಿಡಿಯಲಿಲ್ಲ. ಮರಿ ಒಂದೇ, ಹಟ್ಟಿ ಎರಡು. ದಾರಿ ಕವಲೊಡೆಯುವಲ್ಲಿ ಅವನ ಕಾಲು ಒಂದು ಗಳಿಗೆ ಅಳುಕಿತು, ಆಮೇಲೆ ರಂಗನಾಯಕನ ದೊಡ್ಡಿಯ ಕಡೆ ತಿರುಗಿತು.

ರಂಗನಾಯಕ ಹೊಸ ಮುಳ್ಳು ಕಟ್ಟುತ್ತಿದ್ದ. ಕೆಂಚಯ್ಯ ಮರಿಯನ್ನು ಅವನ ತೋಳಿಗೆ ಇಟ್ಟ.

"ರಾಗಿ ತಂದಿಲ್ವಲ್ಲಣ್ಣ ನಾನು."

"ನಿನ್ನ ರಾಗಿ ಎರಡು ವರ್ಸದ ಹಿಂದೆಯೇ ನನ್ನ ಮನೇಲಿ ಮುದ್ದೆ ಆಗೋಯ್ತು. ಬೆನ್ನ ಹಿಂದ್ಲಿಂದ ಕರುದು ನೋಡು."

ರಂಗನಾಯಕ ಮರಿಯನ್ನು ನೆಲಕ್ಕೆ ಬಿಟ್ಟು, ಹತ್ತು ಹೆಜ್ಜೆ ಹಿಂದಕ್ಕೆ ಹೋಗಿ ನಾಲಿಗೆ ಲೊಚಗುಟ್ಟಿದ. ಮರಿ ಗಕ್ಕನೆ ತಿರುಗಿ, ಎಡವಿ ಬಿದ್ದು, ಎದ್ದು ಅವನ ಕಾಲಿಗೆ ಬಂತು.

"ಬಣ್ಣ ಬೇರೆ ಅದೆಯಲ್ಲ. ನಿನ್ನ ತಳಿನೇಯಾ?"

"ಅಗರದ ಚಿಕ್ಕಬಸಮ್ಮನ ತಳಿ," ಎಂದ ಕೆಂಚಯ್ಯ. ಸಾಹೇಬರ ಮುಂದೆ ತನ್ನ ಹೆಸರು ಹೇಳುವಾಗಲೂ ಅವನ ಎದೆ ಅಷ್ಟು ಉಬ್ಬಿರಲಿಲ್ಲ. "ಅದು ಮರಿ ಹಾಕ್ದಾಗ ನಂಗೊಂದು ಎತ್ತಿಡು, ರಾಗಿ ತಕಂಡು ಬತ್ತೀನಿ. ಅಲ್ಲೀಗಂಟ ನನ್ನ ಹಟ್ಟಿ ಬಾಗ್ಲಲ್ಲಿ ನಾನೇ ಮಲೀಕತೀನಿ. ನನ್ನ ಕಿವಿ ಇನ್ನೂ ಚೆಂದಾಗೇ ಅವೆ."