ತಿಪ್ಪೇರುದ್ರಪ್ಪ ಮೇಷ್ಟ್ರ ಮೊದಲನೇ ಪಾಠ

ರೆಹಾನಾ ಜನರನ್ನು ಸರಿಸಿಕೊಂಡು ಒಳಗೆ ಬಂದಾಗ, ಗೋಡೆಗೆ ಒರಗಿಸಿ ಕೂರಿಸಿದ್ದ ತಿಪ್ಪೇರುದ್ರಪ್ಪ ಮೇಷ್ಟ್ರ ಶವದ ಹಣೆಗೆ ವಿಭೂತಿ ಬಳಿಯುತ್ತಿದ್ದರು. ಅವರ ಹೆಂಡತಿ ಸರ್ವಮಂಗಳಮ್ಮ ತಲೆ ಎತ್ತಿದರು.

“ಹೊಸದುರ್ಗದಿಂದ ಬಂದೇನವ್ವ? ಇವತ್ತು ನಿಮ್ ಕಾಲೇಜು ಸುರು ಅಲ್ಲೇನು?”

“ಹೌದಮ್ಮ. ಬಿಎ ಫಸ್ಟ್ ಇಯರ್‌ಗೆ ನಂದೇ ಸಮಾಜಶಾಸ್ತ್ರದ ಮೊದ್ಲ ಕ್ಲಾಸು. ಬರ್ತೀವಿ ಅಂದೋರ್ನ ಕರ್ಕಂಡೇ ಬಂದೆ.”

ಬಾಗಿಲಲ್ಲಿ ಐದು ಹುಡುಗಿಯರು ಚಪ್ಪಲಿ ಬಿಡುತ್ತಿದ್ದರು. ಮೇಷ್ಟ್ರ ತಮ್ಮ ಹಾಲೇಶ್ ಮುಖ ಗಂಟಿಕ್ಕಿದರು. “ಇದು ಸಾವಿನ ಮನೆ ಕಣಮ್ಮ, ಕಾಲೇಜಲ್ಲ.”

“ಇರ್ಲಿ ಬಿಡ್ರಿ,” ಎಂದರು ಸರ್ವಮಂಗಳಮ್ಮ. “ಮೂವತ್ತು ವರ್ಷ ಅವ್ರು ಕ್ಲಾಸ್‌ರೂಮಿನಾಗೆ ಕುಂತಿದ್ದೇ ಕಮ್ಮಿ.”

*

ಹದಿನೈದು ವರ್ಷದ ಹಿಂದೆ ಹಿರಿಯೂರಿನ ಕಾಲೇಜಿನಲ್ಲಿ ರೆಹಾನಾ ವಿದ್ಯಾರ್ಥಿನಿಯಾಗಿ ಕೂತ ಮೊದಲ ತರಗತಿ. ಮೇಷ್ಟ್ರು ಪುಸ್ತಕ ಮುಚ್ಚಿಸಿ, “ಬಸ್ ಸ್ಟ್ಯಾಂಡಿಗೆ ಹೋಗಾಣ. ಒಂದು ತಾಸು ಕುಂತ್ಕಳ್ರಿ. ಕಂಡಿದ್ದಷ್ಟೇ ಬರೀರಿ,” ಎಂದರು.

ಬೆಂಚು ಖಾಲಿಯಿದ್ದರೂ ಹೂ ಮಾರುವ ತಿಪ್ಪಕ್ಕ ನೆಲದ ಮೇಲೆ ಕೂತಿದ್ದಳು. ‘ಆಕೆಗೆ ನೆಲವೇ ಅಭ್ಯಾಸ’ ಎಂದು ರೆಹಾನಾ ಬರೆದಳು.

ಮೇಷ್ಟ್ರು ಆ ಸಾಲಿನ ಕೆಳಗೆ ಗೆರೆ ಎಳೆದರು. “ಇದು ನೀನು ಕಂಡಿದ್ದೋ, ಅನ್ಕಂಡಿದ್ದೋ? ಹೋಗಿ ಕೇಳು.”

ಮರುದಿನ ರೆಹಾನಾ ಅಂಜುತ್ತಲೇ ಕೇಳಿದಳು. ತಿಪ್ಪಕ್ಕ ಹೂ ಕಟ್ಟುತ್ತಲೇ ಹೇಳಿದಳು: “ಒಂದ್ಸಲ ಕುಂತಿದ್ದೆ ಕಣವ್ವ. ನಿಮ್ ಜಾತಿಯೋರು ಕುಂತ್ರೆ ನಾವೆಲ್ಲಿ ಕುಂತ್ಕಬೇಕು ಅಂತ ಎಬ್ಬಿಸಿದ್ರು. ಇಪ್ಪತ್ತು ವರ್ಷಾತು.”

ತರಗತಿಯಲ್ಲಿ ರೆಹಾನಾ ಅದನ್ನು ಓದಿದಳು. ಮೇಷ್ಟ್ರು ವಿವರಿಸಲು ಹೋಗಲಿಲ್ಲ. “ಈಗ ಪುಸ್ತಕ ತೆಗೀರಿ,” ಎಂದರು. “ಸಮಾಜ ಅಂದ್ರೇನು ಅಂತ ಓದಾಣ.”

*

ಐಮಂಗಲದ ಮೇಷ್ಟ್ರ ಹೊಲದಲ್ಲಿ ಗೊಲ್ಲಪ್ಪ ಬೆಳಗಿನಿಂದ ಗುಣಿ ತೋಡಿ ಮುಗಿಸಿದ್ದ. ಮೇಷ್ಟ್ರನ್ನು ಇಳಿಸಿ, ಪತ್ರೆ ವಿಭೂತಿ ತುಂಬಿದರು. ಹಾಲೇಶ್ ಮೂರು ಹಿಡಿ ಮಣ್ಣು ಹಾಕಿ, ದೂರದಲ್ಲಿ ನಿಂತಿದ್ದ ರೆಹಾನಾಳ ಕಡೆ ತಿರುಗಿದರು.

“ಬಾರಮ್ಮ, ನೀನೂ ಹಾಕು. ಆ ಮಕ್ಳನ್ನೂ ಕರಿ.”

ಎಲ್ಲ ಮುಗಿದು ಜನ ಕೈಕಾಲು ತೊಳೆಯಲು ಬೋರಿನ ಕಡೆ ನಡೆದರು. ಬಸ್ಸಿಗೆ ಹೊತ್ತಾಗುತ್ತಿತ್ತು. ರೆಹಾನಾ ಎಣಿಸಿದಳು, ನಾಲ್ಕೇ ಹುಡುಗಿಯರು. ಚೈತ್ರಾ ಇರಲಿಲ್ಲ.

ತಿರುಗಿ ಬಂದು ನೋಡಿದರೆ ಚೈತ್ರಾ ಸಮಾಧಿಯ ಪಕ್ಕ ಮಣ್ಣಿನಲ್ಲೇ ಕೂತಿದ್ದಳು. ಎದುರಿಗೆ ಕುಕ್ಕರುಗಾಲಿನಲ್ಲಿ ಗೊಲ್ಲಪ್ಪ. ಅವಳು ಕೇಳಿದ್ದಕ್ಕೆ, ಕೂರಿಸಿ ಹೂಳುವವರಿಗೆ ಗುಣಿಯ ಗೋಡೆಯಲ್ಲಿ ಗೂಡು ಎಲ್ಲಿ ಕೊರೆಯಬೇಕು, ಮುಖ ಯಾವ ದಿಕ್ಕಿಗೆ ಬರಬೇಕು ಎಂದು ಅವನು ಹಸಿಮಣ್ಣಿನ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸುತ್ತಿದ್ದ. ಹುಡುಗಿ ಇನ್ನಷ್ಟು ಬಗ್ಗಿದಳು.