ಬೀಗ ಬದಲಿಸಿದ ದಿನ ಮನೆಯಲ್ಲಿದ್ದವರು

ನನ್ನ ವಾರಗಿತ್ತಿಯೂ ನಾನೂ ಒಂದೇ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿದ್ದೇವೆ. ಅವಳು ನನ್ನ ಮೈದುನನ ಹೆಂಡತಿ. ಸರ್ವರ್‌ಗಳು ಅವಳವು, ಅವುಗಳಿಂದ ಮಾಹಿತಿ ಕೂಡಿಡುವ ಸ್ಟೋರೇಜಿಗೆ ಹೋಗುವ ದಾರಿ, ಆ ದಾರಿ ಕಾಯುವ ಸ್ವಿಚ್‌ಗಳು ನನ್ನವು. ನಮ್ಮಿಬ್ಬರ ಕೋಣೆಗಳ ನಡುವೆ ಗಾಜಿನ ಗೋಡೆ. ಒಂದು ವರ್ಷ ಅದರ ಆಚೆ ಈಚೆ ಕೂತು ನಾವು ಇಮೇಲಿನಲ್ಲೇ ಮಾತಾಡಿದೆವು. ಅದೂ ‘ದಯವಿಟ್ಟು ಗಮನಿಸಿ’ ಎಂದು ಶುರುವಾಗುವ ಇಮೇಲು.

ಕಾರಣ ಒಂದು ಬೀಗ. ಅತ್ತೆ ಇರುವುದು ಅವಳ ಮನೆಯಲ್ಲಿ. ಅವರಿಗೆ ಕಿವಿ ಮಂದ, ಬೆಲ್ ಕೇಳುವುದಿಲ್ಲ. ಹಾಗಾಗಿ ಆ ಮನೆಯ ಒಂದು ಕೀ ನನ್ನ ಹತ್ತಿರವೂ ಇತ್ತು. ನಾನು ತವರಿಗೆ ಹೋಗಿದ್ದಾಗ ಅವಳು ಬೀಗ ಬದಲಿಸಿದಳು. ಮನೆಯಲ್ಲಿದ್ದವರಿಗೆಲ್ಲ ಹೊಸ ಕೀ ಸಿಕ್ಕಿತು. ಊರಿಂದ ಬಂದವಳು ಅತ್ತೆಯ ಮಾತ್ರೆ ಹಿಡಿದುಕೊಂಡು ಹೋಗಿ ಕೀ ತಿರುಗಿಸಿದರೆ, ತಿರುಗಲಿಲ್ಲ. ಎದುರು ಮನೆಯಾಕೆ ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದಳು.

“ಮರ್ತೇಹೋಯ್ತು ಅಕ್ಕ, ಬೇಕಂತ ಮಾಡಿದ್ದಲ್ಲ” ಎಂದು ವಾರಗಿತ್ತಿ ಫೋನಿನಲ್ಲಿ ಹೇಳಿದಳು. ಹಿರಿ ಸೊಸೆಯನ್ನೇ ಮರೆಯುವುದುಂಟೆ? ನಾನು ನಂಬಲಿಲ್ಲ. ಅಂದಿನಿಂದ ನಮ್ಮದು ಎಣ್ಣೆ ಸೀಗೆಕಾಯಿ. ಅತ್ತೆಯನ್ನು ನೋಡಲು ಹೋದರೂ ಗಂಡನನ್ನು ಮುಂದೆ ಬಿಟ್ಟು ಹಿಂದೆ ಹೋಗುತ್ತಿದ್ದೆ. “ಮನೆಯೊಂದು ಮೂರು ಬಾಗಿಲು ಮಾಡಿಬಿಟ್ರಿ” ಎಂದು ಅತ್ತೆ ಗೊಣಗುತ್ತಿದ್ದರು.

ಹೀಗಿರುವಾಗ ಸ್ವಿಚ್‌ಗಳಿಗೆ ಕಾವಲು ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಅವಳ ಒಂದೊಂದು ಸರ್ವರಿನೊಳಗೂ ಸಾಫ್ಟ್‌ವೇರಿನಲ್ಲೇ ಕಟ್ಟಿದ ಹಲವು ವರ್ಚುಯಲ್ ಯಂತ್ರಗಳಿವೆ. ಎಲ್ಲವೂ ಬರುವುದು ನನ್ನ ಸ್ವಿಚ್ಚಿನ ಒಂದೇ ಪೋರ್ಟಿಗೆ. ಆದರೆ ಒಂದೊಂದೂ ತನ್ನದೇ ಹೆಸರು ಹೇಳಿಕೊಂಡು ಬರುತ್ತದೆ. ಹೆಬ್ಬಾಗಿಲು ಒಂದೇ, ಒಳಗೆ ಹಲವು ಒಲೆ. ಯಾವ ಪೋರ್ಟಿನಲ್ಲಿ ಯಾವ ಹೆಸರುಗಳನ್ನು ಒಳಗೆ ಬಿಡಬೇಕು ಎಂದು ಸ್ವಿಚ್ಚಿಗೆ ಹೇಳಿಕೊಟ್ಟು ಬೀಗ ಹಾಕಬೇಕು. ಹೆಸರುಗಳೆಲ್ಲ ಇರುವುದು ವಾರಗಿತ್ತಿಯ ಬಳಿ. ಅವಳನ್ನು ಹೋಗಿ ಕೇಳುವುದೇ? ಸ್ವಿಚ್ಚಿಗೆ ತಾನೇ ಕಲಿಯುವ ಸೌಲಭ್ಯವೂ ಇದೆ: ಒಂದು ದಿನ ಬಾಗಿಲು ತೆರೆದಿಟ್ಟರೆ, ಆಗ ಬಂದು ಹೋಗುವವರನ್ನೆಲ್ಲ ಗುರುತಿಟ್ಟುಕೊಳ್ಳುತ್ತದೆ. ಹಾಗೇ ಮಾಡಿ ಬೀಗ ಜಡಿದೆ. ಅವಳ ಹಂಗಿಲ್ಲದೆ ಮುಗಿಸಿದೆ ಎಂದು ಒಳಗೊಳಗೇ ಬೀಗಿದೆ ಕೂಡ.

ಮರುವಾರ ಒಂದು ಬೆಳಿಗ್ಗೆ ಅವಳ ಒಂದು ಸರ್ವರಿನ ಫ್ಯಾನ್ ಕೆಟ್ಟಿತು. ಸ್ಕ್ಯಾನ್ ಚಿತ್ರಗಳನ್ನು ತೋರಿಸುವ ವರ್ಚುಯಲ್ ಯಂತ್ರ ಅದರೊಳಗಿತ್ತು. ಮೇಲಿನ ಮಹಡಿಯಲ್ಲಿ ಒಬ್ಬರ ತಲೆಯ ಆಪರೇಷನ್ ನಡೆಯುತ್ತಿತ್ತು. ಡಾಕ್ಟರು ನೋಡುತ್ತಿದ್ದದ್ದು ಅವೇ ಚಿತ್ರಗಳನ್ನು. ಸರ್ವರ್ ಬಿಸಿಯೇರಿ ತಾನಾಗಿ ನಿಂತುಹೋಗುವ ಮೊದಲು ಆ ಯಂತ್ರವನ್ನು ಪಕ್ಕದ ಸರ್ವರಿಗೆ ಸಾಗಿಸಬೇಕು. ವಾರಗಿತ್ತಿಗೆ ಅದು ನೀರು ಕುಡಿದಷ್ಟು ಸುಲಭ. ಅವಳು ಗುಂಡಿ ಒತ್ತಿದ್ದು ಗಾಜಿನಾಚೆ ಕಂಡಿತು. ಮತ್ತೆ ಒತ್ತಿದಳು. ಸಾಗಲಿಲ್ಲ.

ನನ್ನ ಪರದೆಯ ಮೇಲೆ ಕೆಂಪು ಸಾಲು ಮೂಡಿತು: ಗುರುತಿಲ್ಲದ ಹೆಸರು, ಪ್ರವೇಶವಿಲ್ಲ. ಇದು ನಮ್ಮದೋ, ಕಳ್ಳರದೋ? ಸುಮ್ಮನೆ ಒಳಗೆ ಬಿಟ್ಟು ಕಳ್ಳರದ್ದಾದರೆ ಎಲ್ಲ ರೋಗಿಗಳ ವಿವರ ಅವರ ಕೈಗೆ. ಬಿಡದಿದ್ದರೆ ಮೇಲೆ ಟೇಬಲ್ ಮೇಲೆ ಮಲಗಿರುವವರ ಗತಿ? ಇಮೇಲು ಬರೆಯುವಷ್ಟು ಹೊತ್ತಿರಲಿಲ್ಲ. ಹೆಸರನ್ನು ಅಂಗೈ ಮೇಲೆ ಗೀಚಿಕೊಂಡು ಗಾಜಿನ ಬಾಗಿಲು ತಳ್ಳಿದೆ.

“ಇದು ನಿಂದಾ ನೋಡು.”

ಅವಳು ನನ್ನ ಅಂಗೈ ಹಿಡಿದು ತನ್ನ ಪರದೆಯೊಂದಿಗೆ ಒಂದೊಂದೇ ಅಕ್ಷರ ತಾಳೆ ನೋಡಿದಳು. “ನಮ್ದೇ ಅಕ್ಕ. ಪ್ರತಿಯೊಂದಕ್ಕೂ ಎರಡು ಹೆಸರಿರುತ್ತಲ್ಲ, ಒಂದು ದಿನಾ ಬಳಸೋದು, ಇನ್ನೊಂದು ಬೇರೆ ಸರ್ವರಿಗೆ ಹೋಗುವಾಗ ಮಾತ್ರ ಹೊರಗೆ ಬರೋದು. ಇದು ಆ ಎರಡನೇದು. ನಿಮಗೆ ಗೊತ್ತಲ್ಲ?”

ಗೊತ್ತಿತ್ತು. ಚೆನ್ನಾಗಿಯೇ ಗೊತ್ತಿತ್ತು. ಆದರೆ ಬೀಗ ಹಾಕಿದ ದಿನ ಎದುರಿಗಿದ್ದವರನ್ನು ಮಾತ್ರ ಲೆಕ್ಕಕ್ಕೆ ಹಿಡಿದಿದ್ದೆ. ಆವತ್ತು ಅಲ್ಲಿಲ್ಲದ ಈ ಹೆಸರು ನೆನಪಿಗೇ ಬಂದಿರಲಿಲ್ಲ. ಅದರ ಮೇಲೆ ನನಗೇನು ಹಗೆ ಇತ್ತೇ?

ಅವಳ ಮೇಜಿನಲ್ಲೇ ಕೂತೆ. ಅವಳು ಓದಿದಳು, ನಾನು ಸ್ವಿಚ್ಚಿನ ಪಟ್ಟಿಗೆ ಸೇರಿಸಿದೆ. ಮತ್ತೆ ಗುಂಡಿ ಒತ್ತಿದಾಗ ಯಂತ್ರ ಪಕ್ಕದ ಸರ್ವರಿಗೆ ಹೋಗಿ ಕೂತಿತು. ಮೇಲಿನವರಿಗೆ ಏನೂ ತಿಳಿಯಲೇ ಇಲ್ಲ.

“ಬೇಕಂತ ಕೈಬಿಟ್ಟಿದ್ದಲ್ಲ” ಎಂದೆ. “ಮರ್ತೇಹೋಯ್ತು.”

ಹೇಳಿದ ಮೇಲೆ ಆ ಮಾತು ಯಾರದೆಂದು ಹೊಳೆಯಿತು. ಅವಳಿಗೂ ಹೊಳೆದಿತ್ತು. ಚುಚ್ಚಬಹುದಿತ್ತು, ನಾನಾಗಿದ್ದರೆ ಬಿಡುತ್ತಿರಲಿಲ್ಲ. ಅವಳು ಉಳಿದ ಯಂತ್ರಗಳ ಎರಡನೇ ಹೆಸರುಗಳ ಪಟ್ಟಿ ತೆರೆದು ಪರದೆಯನ್ನು ನನ್ನ ಕಡೆ ತಿರುಗಿಸಿದಳು.

“ಅತ್ತೆ ಮನೆ ಕೀ ನಂಗೂ ಒಂದು ಮಾಡಿಸ್ಕೊಡ್ತೀಯಾ?” ಎಂದು ಕೇಳಿದೆ.

ಅವಳು ಡ್ರಾಯರ್ ಎಳೆದು, ಸ್ಟೇಪ್ಲರ್ ಪಿನ್ನಿನ ಡಬ್ಬಿಯ ಕೆಳಗಿಂದ ಒಂದು ಕೀ ತೆಗೆದು ಮೇಜಿನ ಮೇಲಿಟ್ಟಳು.

“ಆವತ್ತು ಫೋನಲ್ಲಿ ಮಾತಾಡಿದ್ವಲ್ಲ, ಅದರ ಮಾರನೇ ದಿನಾನೇ ಮಾಡಿಸಿದ್ದೆ ಅಕ್ಕ. ಇಮೇಲಲ್ಲಿ ಕಳಿಸೋಕಾಗಲ್ವಲ್ಲ.”

“ಹೊಟ್ಟೆಗೆ ಹಾಕ್ಕೋ” ಎಂದೆ. ಅಷ್ಟು ಹೇಳಲು ನನಗೆ ಒಂದು ವರ್ಷ ಬೇಕಾಯಿತು.